ಬಸುರಿ ಕಲ್ಲಿಗೆ ಚರಗ

ಚಿತ್ತಿ ಮಳೆ ಹಿಂದಾಗಿತ್ತು. ಊರಲ್ಲಿದ್ದಿದ್ದರೆ ಬಿಳಿಜೋಳ ಬಿತ್ತುವ ಹದ. ಆಕಳು ಕರೆಯುವ ಹೊತ್ತು, ಮಬ್ಬು ಇನ್ನೂ ಹರಿದಿರಲಿಲ್ಲ. ಆಗ ನಮ್ಮ ಹಡಗು ಅಂಡಮಾನಿನ ಆಚೆಯ ಕಡಲಿನಲ್ಲಿ ನಿಂತಿತು. ಎದುರಿಗೆ ಒಂದು ಕರಿ ಗುಡ್ಡ ನೀರಿನಿಂದ ಮೇಲೆದ್ದು ಹೊಗೆಯಾಡುತ್ತಿತ್ತು. ಗಿಡವಿಲ್ಲ, ಹುಲ್ಲಿಲ್ಲ, ಒಂದು ಹಕ್ಕಿಯೂ ಇಲ್ಲ.

ನನ್ನ ಮೈದುನ ಮುದೆಪ್ಪ ಹಡಗಿನ ಕಂಬಿ ಹಿಡಿದು ಬಹಳ ಹೊತ್ತು ನೋಡಿದ. "ವೈನಿ, ಇದು ಸುಟ್ಟ ರೊಟ್ಟಿ ಐತಿ ನೋಡು. ಇದರ ಮ್ಯಾಲ ಕುಂಟಿ ಹೊಡಿ ಅಂತಾರೇನು ನನಗ?" ಎಂದ.

ನಮ್ಮದು ಕೃಷ್ಣೆಯ ನಡುವೆ ಇದ್ದ ಮಾದಲಗಡ್ಡಿ. ಸುತ್ತಲೂ ಹೊಳೆ, ನಡುವೆ ಕರಿ ಮಣ್ಣಿನ ಎರಿ ಹೊಲ. ಅಣೆಕಟ್ಟಿನ ಹಿನ್ನೀರು ಏರಿದ ವರ್ಷ ಗಡ್ಡಿ ಮುಳುಗಿತು, ನಾವು ತಗಡಿನ ಶೆಡ್ಡಿಗೆ ಬಂದೆವು. ಆ ಶೆಡ್ಡಿನ ಮೇಲೆ ದೊಡ್ಡ ರಸ್ತೆ ಬಂತು, ಇನ್ನೊಂದು ಶೆಡ್ಡಿಗೆ ಹೋದೆವು. ಅಲ್ಲಿ ನನ್ನ ಗಂಡ ತೀರಿಕೊಂಡ. ಅಲ್ಲಿಯೇ ಮಗನ ಮದುವೆಯಾಗಿ ನಿಂಬೆವ್ವ ಸೊಸೆಯಾಗಿ ಬಂದಳು. ಕಡಲು ಉಕ್ಕಿ ಊರು ತಿನ್ನುತ್ತಿದ್ದ ಕಾಲ ಅದು. ಎಲ್ಲರಿಗೂ ನೆಲ ಬೇಕು, ಎಲ್ಲಿಯೂ ನೆಲವಿಲ್ಲ. ಆಗ ಸರ್ಕಾರದವರು ಬಂದು, ಕಡಲಲ್ಲಿ ಹೊಸ ನೆಲ ಎಬ್ಬಿಸುತ್ತಿದ್ದೇವೆ, ಎರಿ ಭೂಮಿ ಉತ್ತು ಬಲ್ಲವರು ಬರುತ್ತೀರಾ ಎಂದು ಕೇಳಿದರು. ಶೆಡ್ಡಿನಿಂದ ಎಲ್ಲಿಗಾದರೂ ಸರಿ ಎಂದು ನಾವು ಕೆಲವು ಮನೆಯವರು ಹೊರಟೆವು.

ಆ ನೆಲ ಎಬ್ಬಿಸುವ ವಿದ್ಯೆ ಪ್ರೆಸಿಲ್ಲಾ ಮಥಾಯಸ್ ಎಂಬ ಹೆಣ್ಣುಮಗಳದು. ಮಂಗಳೂರ ಕಡೆಯವಳು, ನರೆತ ಕೂದಲು ಕತ್ತರಿಸಿಕೊಂಡಿದ್ದಳು, ನಡೆದರೆ ಗಂಡಸರು ಹಿಂದೆ ಬೀಳಬೇಕು. ಮುದೆಪ್ಪ ಅವಳನ್ನು "ಮೇಡಮ್ಮೋರ" ಎನ್ನುತ್ತಿದ್ದ. ಅವಳಿಗೆ ನಾನು ಯಮುನಕ್ಕ. ನಡುಗಡ್ಡೆಯ ಒಂದು ತುದಿಯಲ್ಲಿ ಅವಳ ಯಂತ್ರಗಳ ಕೋಣೆ, ಇನ್ನೊಂದು ತುದಿಯಲ್ಲಿ ನಮ್ಮ ಮನೆಗಳು. ಯಂತ್ರದ ಕೋಣೆಯವರಿಗೆ ಚಹಾ, ರೊಟ್ಟಿ ಮಾಡುವ ಕೆಲಸ ನನಗೆ ಬಿತ್ತು. ಹಾಗಾಗಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಒಂದು ಬೆಳಿಗ್ಗೆ ಚಹಾ ಕೊಡುತ್ತ ಕೇಳಿದೆ. "ಅಲ್ಲವ್ವಾ, ಬೆಂಕಿ ಗುಡ್ಡ ಅಂದ್ರ ಸಿಡೀತಾವಂತ ಕೇಳೀನಿ. ಇದ್ಯಾಕ ಸಿಡಿಯಂಗಿಲ್ಲ?"

ಅವಳು ಪರದೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ಯಮುನಕ್ಕ, ಸೋಡಾ ಬಾಟ್ಲಿ ಕುಲುಕಿ ಒಮ್ಮೆಲೆ ಬಿಚ್ಚಿದ್ರೆ ಎಂತ ಆಗ್ತದೆ?"

"ಮುಖಕ್ಕ ಹಾರತೈತಿ."

"ಹಾರುವುದು ನೀರಲ್ಲ, ಒಳಗಿದ್ದ ಗ್ಯಾಸು ಅದನ್ನು ಹಾರಿಸ್ತದೆ. ಕಡಲಿನ ತಳದ ಕೆಳಗೆ ಕಲ್ಲು ಕರಗಿ ಪಾಕ ಆಗಿ ಉಂಟು. ಅದರಲ್ಲೂ ಗ್ಯಾಸು ಉಂಟು. ನಾವು ಉಸಿರುಗೊಳವೆ ಇಳಿಸಿ ಮೊದಲು ಗ್ಯಾಸನ್ನು ಸ್ವಲ್ಪ ಸ್ವಲ್ಪವೇ ಬಿಡಿಸ್ತೇವೆ. ಆಮೇಲೆ ಪಾಕ ತಾನಾಗಿ ಮೇಲೆ ಬಂದು ಹರೀತದೆ. ಹರಿದದ್ದು ಆರ್ತದೆ, ಅದರ ಮೇಲೆ ಮತ್ತೊಂದು ಹರೀತದೆ. ಪದರದ ಮೇಲೆ ಪದರ. ಅಷ್ಟೇ ನೆಲ."

ಅಷ್ಟೇ ನೆಲ ಎಂದು ಅವಳು ಹೇಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮೂಡಣ ದಂಡೆಯಲ್ಲಿ ಕೆಂಪು ಪಾಕ ನಿಧಾನವಾಗಿ ಇಳಿಯುತ್ತಿತ್ತು. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ಕೊಪ್ಪರಿಗೆಯಿಂದ ಸುರಿದ ಹಾಗೆ. ಮೇಲೆ ತೆಳ್ಳನೆಯ ಕರಿ ಕೆನೆ ಕಟ್ಟುವುದು, ಒಳಗಿನ ಪಾಕ ಅದನ್ನು ದೂಡುವುದು, ಕೆನೆ ಹಗ್ಗ ಹೊಸೆದಂತೆ ಸುಕ್ಕುಗಟ್ಟಿ ನಿಲ್ಲುವುದು. ಕಡಲಿಗೆ ತಾಗಿದಲ್ಲಿ ಬಿಳಿ ಹಬೆ ಏಳುವುದು. ನಿನ್ನೆ ಅಲೆಯಿದ್ದ ಜಾಗದಲ್ಲಿ ಇವತ್ತು ಕಲ್ಲು. ನಮ್ಮ ನೆಲವನ್ನು ನೀರು ತಿಂದದ್ದನ್ನು ನೋಡಿದ ಕಣ್ಣು ಇದು. ನೀರನ್ನು ನೆಲ ತಿನ್ನುವುದನ್ನು ನೋಡುತ್ತ ಚಹಾ ಆರಿಸಿಬಿಟ್ಟೆ.

"ನಿಮ್ಮ ಎರೆ ಮಣ್ಣು ಉಂಟಲ್ಲ, ಅದೂ ಒಂದು ಕಾಲದಲ್ಲಿ ಹೀಗೇ ಹರಿದದ್ದು" ಎಂದಳು ಪ್ರೆಸಿಲ್ಲಾ. "ಅದಕ್ಕೇ ನಿಮ್ಮನ್ನು ಕರೆಸಿದ್ದು ನಾನು."

ಸಂಜೆ ಇದನ್ನು ಮುದೆಪ್ಪನಿಗೆ ಹೇಳಿದರೆ ಅವನು ಮೀಸೆ ತಿರುವಿದ. "ಹಂಗಾದ್ರ ನಮ್ಮಪ್ಪನ ಸಿಟ್ಟು ಎಲ್ಲಿಂದ ಬಂತಂತ ಇವತ್ತು ಗೊತ್ತಾತು."

ಆದರೆ ಕಲ್ಲು ಮಣ್ಣಾಗಬೇಕಲ್ಲ. ಬಿಸಿಲು, ಮಳೆ, ಗಾಳಿಗೆ ಬಿಟ್ಟರೆ ಅದಕ್ಕೆ ಎಷ್ಟೋ ತಲೆಮಾರು ಬೇಕು. ಪ್ರೆಸಿಲ್ಲಾಳ ಬಳಿ ಕಲ್ಲು ತಿನ್ನುವ ಸೂಕ್ಷ್ಮ ಜೀವಿಗಳಿದ್ದವು, ಅವಳೇ ಸಾಕಿದವು. ನಡುಗಡ್ಡೆಯ ನಡುವೆ ಒಂದು ಅಗಲವಾದ ಕಲ್ಲುಹಾಸಿಗೆ ಬೇಲಿ ಹಾಕಿ, ಆ ಜೀವಿಗಳನ್ನು ನೀರಿನಲ್ಲಿ ಕಲಸಿ ಚಿಮುಕಿಸಿದ್ದಳು. ಒಳಗೆ ಹೋಗುವವರು ಔಷಧದ ನೀರಿನಲ್ಲಿ ಕಾಲು ತೊಳೆಯಬೇಕು. ಬಟ್ಟೆಯಲ್ಲಿ ಒಂದು ಹುಲ್ಲಿನ ಬೀಜವೂ ಇರಕೂಡದು. ಹಕ್ಕಿ ಇಳಿಯದಂತೆ ಒಂದು ಕಹಳೆಯಂಥ ಯಂತ್ರ ಹಗಲೆಲ್ಲ ಕಿರುಚುತ್ತಿತ್ತು. ಅದರ ದನಿಗೆ ಹಕ್ಕಿಗಳು ಇಡೀ ನಡುಗಡ್ಡೆಯನ್ನೇ ಬಿಟ್ಟು ದೂರದಿಂದ ಹೋಗುತ್ತಿದ್ದವು. ಬೇರೆ ಏನೂ ಸೇರದೆ, ಆ ಜೀವಿಗಳೇ ಕಲ್ಲನ್ನು ಮಣ್ಣು ಮಾಡುತ್ತವೆ ಎಂದು ತೋರಿಸಿದರೆ, ಅದೇ ವಿದ್ಯೆಯನ್ನು ಎಲ್ಲ ಹೊಸ ನೆಲಗಳಿಗೂ ಬಳಸಬಹುದು. ಅದು ಅವಳ ಲೆಕ್ಕ, ನಮಗೆ ತಿಳಿದದ್ದು ಆಮೇಲೆ.

ಸರ್ಕಾರದ ಕರಾರೂ ಅದರ ಮೇಲೆಯೇ ನಿಂತಿತ್ತು. ಮುಂದಿನ ಮುಂಗಾರಿಗೆ ಹಡಗು ಬರುತ್ತದೆ. ಆ ಹಾಸಿನ ಮೇಲೆ ಹಿಡಿ ಮಣ್ಣು ಹುಟ್ಟಿದ್ದರೆ ನಾವು ಇಲ್ಲಿಯೇ. ಇಲ್ಲದಿದ್ದರೆ ಅದೇ ಹಡಗಿನಲ್ಲಿ ಮತ್ತೆ ಶೆಡ್ಡಿಗೆ.

ಚಳಿ ಕಾಲಿಡುವ ಹೊತ್ತಿಗೆ ನಿಂಬೆವ್ವ ನನ್ನ ಪಕ್ಕ ಕೂತು ಒಲೆಗೆ ಕಡ್ಡಿ ಆಡಿಸುತ್ತ, "ಅತ್ತೀ, ತಿಂಗಳ ತಪ್ಪೇತಿ" ಎಂದಳು. ನನ್ನ ಮಗ ಕೊಳವೆ ಇಳಿಸುವ ಹಡಗಿನಲ್ಲಿ ಕೆಲಸಕ್ಕಿದ್ದ, ಅವನಿಗಿಂತ ಮೊದಲು ನನಗೆ ಹೇಳಿದಳು. ನಾನು ಅವಳ ನೆತ್ತಿ ಮುಟ್ಟಿದೆ. ಅವಳು ಕೈ ಹಿಡಿದುಕೊಂಡಳು. "ನಾ ಶೆಡ್ಡಿನ್ಯಾಗ ಹಡಿಯಾಂಗಿಲ್ಲ. ನಮ್ಮವ್ವ ನನ್ನ ಶೆಡ್ಡಿನ್ಯಾಗ ಹಡದ್ಲು. ತಗಡು ಕಾದು ನನಗ ಬೊಬ್ಬಿ ಎದ್ದಿದ್ವಂತ. ಈ ಕಲ್ಲ ಮ್ಯಾಲಾದ್ರೂ ಚಿಂತಿಲ್ಲ, ಇಲ್ಲೇ ಹಡೀತೀನಿ."

ಇಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು.

ನಮ್ಮ ಕಡೆ ಆ ಹೊತ್ತಿಗೆ ಜೋಳ ತೆನೆ ಹೊರುವ ಕಾಲ. ಭೂಮಿ ಬಸುರಿ. ಬಸುರಿಗೆ ಬಯಕೆಯ ಊಟ ಉಣ್ಣಿಸಬೇಕಲ್ಲ, ಅದಕ್ಕೇ ಬಗೆಬಗೆಯ ಅಡುಗೆ ಮಾಡಿ, ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಮೊದಲು ಭೂಮಿಗೆ ಚೆಲ್ಲಿ ಆಮೇಲೆ ನಾವು ಉಣ್ಣುವುದು. ಅದನ್ನೇ ಚರಗ ಎನ್ನುವುದು. ಶೆಡ್ಡಿನಲ್ಲಿದ್ದ ವರ್ಷಗಳಲ್ಲಿ ಚರಗ ಚೆಲ್ಲಲು ಹೊಲವೇ ಇರಲಿಲ್ಲ. ರಸ್ತೆಯ ಪಕ್ಕದ ಜಾಲಿ ಗಿಡದ ಬುಡದಲ್ಲಿ ಚೆಲ್ಲಿ ಬರುತ್ತಿದ್ದೆವು.

"ಈ ವರ್ಷ ಹೊಲ ಐತಿ" ಎಂದ ಮುದೆಪ್ಪ.

"ಎಲ್ಲೈತೋ?" ಎಂದೆ.

"ಬೇಲಿ ಒಳಗ. ಮೇಡಮ್ಮೋರು ಅದರ ಹೊಟ್ಟಿಗೆ ಬೀಜ ಹಾಕ್ಯಾರ. ಎರಡು ತಿಂಗಳಾತು, ಉಣ್ಣಾಕ ಏನು ಕೊಟ್ಟಾರ? ಬರೇ ನೀರು. ಜೊತಿಗೆ ಆ ಕಹಳಿ ಬಡಕೊಳ್ಳೋದು. ಬಸುರಿ ಮುಂದ ಹಿಂಗ ಯಾರರ ಒದರ್ತಾರೇನು?"

ನಮಗ್ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕದ್ದು ಮಾಡಿದ್ದೂ ಅಲ್ಲ. ಹಿಂದಿನ ದಿನವೇ ಮುದೆಪ್ಪ ಯಂತ್ರದ ಕೋಣೆಗೆ ಹೋಗಿ, "ನಾಳೆ ನಮ್ಮ ಹಬ್ಬರೀ ಮೇಡಮ್ಮೋರ, ಹೊಲಕ್ಕ ಹೋಗಿ ಊಟ ಮಾಡ್ತೀವಿ" ಎಂದು ಹೇಳಿ ಬಂದ. ಅವತ್ತು ಎರಡನೆಯ ಉಸಿರುಗೊಳವೆ ಬಿಚ್ಚುವ ತಯಾರಿ. ಅವಳು ಯಂತ್ರದ ಮುಳ್ಳುಗಳನ್ನು ನೋಡುತ್ತ, "ಆಯ್ತು ಆಯ್ತು, ಹೊಟ್ಟೆ ತುಂಬ ಊಟ ಮಾಡಿ" ಎಂದಳು. ಕರಾವಳಿಯವಳು, ಚರಗವೆಂದರೆ ಅವಳಿಗೇನು ಗೊತ್ತು?

ಮಧ್ಯಾಹ್ನ ಬಿಸಿಲಲ್ಲಿ ಹೊರಟೆವು. ರೇಷನ್ನಿನ ಸಜ್ಜೆಯಲ್ಲಿ ಎಳ್ಳು ಹಚ್ಚಿದ ರೊಟ್ಟಿ, ಕಡಬು, ಒಣಗಿಸಿ ತಂದಿದ್ದ ಪುಂಡಿಪಲ್ಯ, ಶೇಂಗಾ ಹೋಳಿಗೆ, ಜೋಳದ ನುಚ್ಚು ಬೇಯಿಸಿದ ಬಾನ. ಬೇಲಿಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಔಷಧದ ನೀರಿನಲ್ಲಿ ಕಾಲು ತೊಳೆದೆವು, ಸರತಿಯಲ್ಲಿ ನಿಂತು, ಒಬ್ಬರೂ ತಪ್ಪದೆ. ಮುದೆಪ್ಪ ಕಹಳೆಯ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ. ಪಾಂಡವರೆಂದು ಪೂಜಿಸಲು ಐದು ಕಲ್ಲು ಬೇಕಿತ್ತು. "ಊರಾಗ ಎರಿ ಹೊಲದಾಗ ಕಲ್ಲು ಹುಡುಕಿ ಸಾಯ್ತಿದ್ವಿ" ಎಂದು ಅವನು ನಗುತ್ತ ಐದು ಕರಿ ಕಲ್ಲು ಇಟ್ಟು ಸುಣ್ಣ ಹಚ್ಚಿದ. ಆಮೇಲೆ ಬುಟ್ಟಿ ಎತ್ತಿಕೊಂಡು ಮುಂದೆ ನಡೆದ.

"ಹುಲ್ಲುಲ್ಲಿಗೋ..." ಎಂದು ಚರಗದ ಕೂಗು ಎತ್ತಿದ.

"ಚಲಾಂಬ್ರಿಗೋ..." ಎಂದು ನಾವೆಲ್ಲ ಹಿಂದಿನಿಂದ.

ಅವನು ಚೆಲ್ಲುತ್ತ ಹೋದ, ನಿಂಬೆವ್ವ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋದಳು. ಹಗ್ಗ ಹೊಸೆದಂತಿದ್ದ ಕಲ್ಲಿನ ಸುಕ್ಕುಗಳಲ್ಲಿ ಬಾನದ ಅಗುಳು ಕೂತವು. ಎಷ್ಟೋ ವರ್ಷಗಳ ಮೇಲೆ ನನಗೆ ಹೊಲದಲ್ಲಿ ಕೂತು ಉಂಡ ಹಾಗಾಯಿತು.

ಕಹಳೆ ನಿಂತದ್ದು ಕೇಳಿ ಪ್ರೆಸಿಲ್ಲಾ ಓಡಿ ಬಂದಳು. ಬೇಲಿಯಾಚೆ ನಿಂತು ಕಲ್ಲಿನ ಮೇಲಿದ್ದ ಹೋಳಿಗೆ ಚೂರುಗಳನ್ನು ನೋಡಿದಳು. ಅವಳ ದನಿ ಸಣ್ಣಗಿತ್ತು.

"ಎಂತ ಮಾಡಿದ್ರಿ ಮಾರಾಯ್ರೇ? ಎಂತ ಮಾಡಿದ್ರಿ ನೀವು?"

"ಕಾಲು ತೊಳಕೊಂಡೇ ಬಂದೀವ್ರೀ" ಎಂದ ಮುದೆಪ್ಪ.

ಅವಳು ಅಲ್ಲಿಯೇ ಕಲ್ಲಿನ ಮೇಲೆ ಕುಸಿದು ಕೂತಳು. ನಗುವೋ ಅಳುವೋ ಗೊತ್ತಾಗದ ದನಿಯಲ್ಲಿ, "ಕಾಲು ತೊಳೆದ್ರಂತೆ" ಎಂದಳು. ಇನ್ನು ಇಲ್ಲಿ ಮಣ್ಣು ಹುಟ್ಟಿದರೂ ಅದು ತನ್ನ ಜೀವಿಗಳಿಂದ ಹುಟ್ಟಿದ್ದೋ ನಮ್ಮ ಅನ್ನ ಕೊಳೆತು ಹುಟ್ಟಿದ್ದೋ ಹೇಳಲಾಗದು, ಆದ್ದರಿಂದ ಪ್ರಯೋಗ ಕೆಟ್ಟಿತು ಎಂದು ನಮಗೆ ಬಿಡಿಸಿ ಹೇಳಿದಳು. ಹೇಳಿ ಮುಗಿಯುವಾಗ ಮುದೆಪ್ಪನ ಮುಖ ಬೂದಿಯಾಗಿತ್ತು. ನಿಂಬೆವ್ವ ಖಾಲಿ ತಂಬಿಗೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಪ್ರೆಸಿಲ್ಲಾ ಮೇಲಿನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪರದೆಯ ಮೇಲೆ ಬಂದ ಅಧಿಕಾರಿ ನಮ್ಮನ್ನು ಬೈಯಲಿಲ್ಲ, ಅದೇ ಕೆಟ್ಟದೆನಿಸಿತು. ಹಾಸು ಪ್ರಯೋಗಕ್ಕೆ ಉಳಿದಿಲ್ಲ, ಮುಂಗಾರಿನ ಹಡಗಿಗೆ ಜನ ತಯಾರಿರಲಿ, ಎಂದಷ್ಟೇ ಹೇಳಿ ಹೋದ.

ಬೇಲಿಯ ಬಾಗಿಲು ತೆರೆದೇ ಉಳಿಯಿತು. ಕಹಳೆಯನ್ನು ಮತ್ತೆ ಯಾರೂ ಹಾಕಲಿಲ್ಲ, ಕಾಯಲು ಏನಿತ್ತು? ಮುದೆಪ್ಪ ಮಾತು ಬಿಟ್ಟ. ಅವನು ಸುಮ್ಮನಿದ್ದರೆ ಮನೆಯಲ್ಲಿ ಯಾರೋ ಸತ್ತ ಹಾಗಿರುತ್ತದೆ. ಉಳಿದವರು ಗಂಟು ಕಟ್ಟತೊಡಗಿದರು. ನಿಂಬೆವ್ವ ಮಾತ್ರ ತನ್ನ ಗಂಟು ಕಟ್ಟಲಿಲ್ಲ.

ಅಮಾವಾಸ್ಯೆ ಕಳೆದು ಸ್ವಲ್ಪ ದಿನಕ್ಕೆ ಎರಡು ಬಿಳಿ ಹಕ್ಕಿಗಳು ಬಂದಿಳಿದವು. ಚರಗದ ಅಗುಳು ಹೆಕ್ಕಿದವು. ಮರುದಿನ ಇನ್ನಷ್ಟು ಬಂದವು. ಅನ್ನ ಮುಗಿದ ಮೇಲೂ ಹೋಗಲಿಲ್ಲ. ಕಲ್ಲಿನ ಬಿರುಕುಗಳಲ್ಲಿ ಹಾವಿಲ್ಲ, ಇಲಿಯಿಲ್ಲ, ಕೂಗುವ ಕಹಳೆಯಿಲ್ಲ. ಗೂಡು ಹಾಕಿದವು. ಮೀನು ತಂದು ತಿಂದು ಮುಳ್ಳು ಉದುರಿಸಿದವು, ಹಿಕ್ಕೆ ಹಾಕಿ ಕರಿ ಕಲ್ಲನ್ನು ಬೆಳ್ಳಗೆ ಮಾಡಿದವು. ನಾವು ಹೆಂಗಸರು ಅಮಾವಾಸ್ಯೆಗೊಮ್ಮೆ ಹೋಗಿ ಒಂದು ಹಿಡಿ ಬಾನ ಇಟ್ಟು ಬರುತ್ತಿದ್ದೆವು. ಕೆಟ್ಟದ್ದು ಕೆಟ್ಟಿತು, ಬಸುರಿಯನ್ನು ಅರ್ಧಕ್ಕೆ ಬಿಡುವುದೇ?

ಮಾಘದ ಬಿಸಿಲು ಏರುತ್ತಿದ್ದಾಗ ಒಂದು ದಿನ ಯಂತ್ರದ ಕೋಣೆಯಲ್ಲಿ ಪ್ರೆಸಿಲ್ಲಾ ಒಬ್ಬಳೇ ಇದ್ದಳು. ಪಾಕ ಹರಿಯುವುದು ಸುಸೂತ್ರವಾಗಿತ್ತು, ಅವಳ ಮುಖ ಮಾತ್ರ ಇಳಿದಿತ್ತು. ನಾನು ರೊಟ್ಟಿಯ ಬುಟ್ಟಿ ಇಟ್ಟು ಹೊರಡುವಾಗ, "ಕೂತ್ಕೊಳ್ಳಿ ಯಮುನಕ್ಕ" ಎಂದಳು.

"ನಿಮ್ಮ ಕಡೆ ಗುಡ್ಡ ಕಡಿದ ಕಡೆ ಕರಿ ಕಲ್ಲಿನ ನಡುವೆ ಒಂದು ಕೆಂಪು ಪಟ್ಟಿ ಕಾಣ್ತದೆ. ನೋಡಿದ್ದೀರಾ?"

"ಬಾವಿ ತೋಡುವಾಗ ಕಂಡೀನಿ. ಸೀರಿ ಅಂಚಿನಂಗ."

"ಅದು ಮಣ್ಣು. ಒಂದು ಬೆಂಕಿ ಹರಿದು ಆರಿ, ಮತ್ತೊಂದು ಬೆಂಕಿ ಬರುವುದರ ನಡುವೆ ಹುಟ್ಟಿದ ಮಣ್ಣು. ಮೇಲೆ ಹರಿದ ಪಾಕದ ಕಾವಿಗೆ ಸುಟ್ಟು ಇಟ್ಟಿಗೆಯ ಹಾಗೆ ಕೆಂಪಾಗಿದೆ. ಅಂಥ ಪಟ್ಟಿಗಳು ಒಂದರ ಮೇಲೊಂದು ಉಂಟು. ಅಂದ್ರೆ ಪ್ರತಿ ಸಲ ಎಲ್ಲ ಸುಟ್ಟು ಹೋಗಿದೆ, ಪ್ರತಿ ಸಲ ಮಣ್ಣು ತಿರುಗಿ ಬಂದಿದೆ." ಅವಳು ಕಿಟಕಿಯಾಚೆ ಗೂಡುಗಳ ಕಡೆ ನೋಡಿದಳು. "ಯಾರು ತಂದ್ರು ಅಲ್ಲಿಗೆ? ಗಾಳಿ, ಮಳೆ, ಬಂದು ಹೋದ ಜೀವಗಳು. ಇಷ್ಟು ವರ್ಷ ಅದನ್ನು ಓದಿದ್ದೇನೆ, ಪಾಠ ಮಾಡಿದ್ದೇನೆ. ಇಲ್ಲಿಗೆ ಬಂದು ಮಾಡಿದ ಮೊದಲ ಕೆಲಸ ಎಂತ? ಕಹಳೆ ಹಾಕಿದ್ದು."

"ನಿನಗ ಬೇಕಾದ್ದು ಬ್ಯಾರೇನ ಇತ್ತಲ್ಲವ್ವಾ" ಎಂದೆ.

"ಹೌದು. ಅದೂ ಬೇಕಾದ್ದೇ" ಎಂದಳು. "ಅದು ಇಲ್ಲದೆ ಮುಂದಿನ ನೆಲಗಳಿಗೆ ನಾನು ಎಂತ ಹೇಳುವುದು? ಎಲ್ಲ ಕಡೆ ಮುದೆಪ್ಪನನ್ನು ಕಳಿಸ್ಲಿಕ್ಕೆ ಆಗ್ತದಾ?"

ಅವತ್ತು ಅವಳು ನಮ್ಮ ಮನೆಗೆ ಬಂದು ಮುದೆಪ್ಪನ ಎದುರು ಕೂತು ರೊಟ್ಟಿ ಉಂಡಳು. ಅವನು ಖಾರ ಹೆಚ್ಚಾಯಿತೇನೋ ಎಂದು ಮೊಸರು ಮುಂದೆ ದೂಡಿದ. ಅವರಿಬ್ಬರ ರಾಜಿ ಅಷ್ಟರಲ್ಲೇ ಮುಗಿಯಿತು.

ರೋಹಿಣಿ ಮಳೆಯ ಮೊದಲ ಹನಿ ಬಿದ್ದು ಹೋಗಿತ್ತು. ನಿಂಬೆವ್ವನಿಗೆ ತಿಂಗಳು ತುಂಬುತ್ತ ಬಂದಿತ್ತು. ಡಬ್ಬಿಯ ಊಟ ಸೇರದೆ, "ಹುಳಿ ಏನರ ಬೇಕು ಅತ್ತೀ" ಎಂದು ಗೊಣಗುತ್ತಿದ್ದಳು. ಒಂದು ಬೆಳಿಗ್ಗೆ ಬಾನ ಇಟ್ಟು ಬರುತ್ತೇನೆಂದು ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಗಾಬರಿಯಾಗಿ ನಾನೂ ಮುದೆಪ್ಪನೂ ಹುಡುಕುತ್ತ ಹೋದೆವು. ದಾರಿಯಲ್ಲಿ ಪ್ರೆಸಿಲ್ಲಾಳೂ ಜೊತೆಯಾದಳು.

ನಿಂಬೆವ್ವ ಹಾಸಿನ ನಡುವೆ ಕಾಲು ಚಾಚಿ ಕೂತು ಏನೋ ಅಗಿಯುತ್ತಿದ್ದಳು.

"ಏನು ತಿನ್ನಾಕತ್ತೀಯೇ?" ಎಂದು ಕೂಗಿದೆ.

ಅವಳು ಅಂಗೈ ತೆರೆದಳು. ಕೆಂಪು ದಂಟು, ದಪ್ಪನೆಯ ಸಣ್ಣ ಎಲೆ. ಗೋಣಿಸೊಪ್ಪು. ಮಾದಲಗಡ್ಡಿಯಲ್ಲಿ ಜೋಳದ ಸಾಲಿನ ನಡುವೆ ತಾನಾಗಿ ಹುಟ್ಟುತ್ತಿದ್ದ, ಕಳೆ ಎಂದು ಕಿತ್ತು ಮನೆಗೆ ತಂದು ಪಲ್ಯ ಮಾಡುತ್ತಿದ್ದ ಅದೇ ಗೋಣಿಸೊಪ್ಪು.

ಪ್ರೆಸಿಲ್ಲಾ ಮಂಡಿಯೂರಿದಳು. "ತಿಂದ್ರಾ? ಎಲ್ಲ ತಿಂದ್ರಾ? ಈ ನೆಲದ ಮೊದಲ ಗಿಡ ಅದು ಮಾರಾಯ್ತೀ!"

"ಹುಳಿ ಭಾಳ ಚಲೋ ಇತ್ರೀ" ಎಂದಳು ನಿಂಬೆವ್ವ. ನಾಚಿಕೆಯಿಂದ ಉಳಿದೆರಡು ಎಲೆ ಅವಳ ಕೈಗೆ ಹಾಕಿದಳು.

ಆ ಬಿರುಕಿನಲ್ಲಿ ಮುಗಿದಿತ್ತು, ಪಕ್ಕದ ಬಿರುಕಿನಲ್ಲಿ ಇತ್ತು. ಅದರಾಚೆಯೂ ಇತ್ತು. ಹಕ್ಕಿಯ ಹೊಟ್ಟೆಯಲ್ಲಿ ಎಲ್ಲಿಂದಲೋ ಬಂದ ಬೀಜ. ಮುದೆಪ್ಪ ಒಂದು ಗಿಡದ ಬುಡಕ್ಕೆ ಬೆರಳು ತೂರಿಸಿ ತೆಗೆದ. ಉಗುರಿನ ತುಂಬ ಕರಿ ಪುಡಿ, ಒದ್ದೆ. ಮೂಗಿಗೆ ಹಿಡಿದು ನೋಡಿದ. ಹಬ್ಬದ ದಿನದಿಂದ ಅವನ ಬಾಯಿಂದ ನಗೆಮಾತು ಬಂದಿರಲಿಲ್ಲ.

"ಹಕ್ಕಿ ಹೊಲಸು ನಾರತೈತಿ" ಎಂದ. "ಮಣ್ಣೂ ನಾರತೈತಿ."

ಪ್ರೆಸಿಲ್ಲಾ ಮಣ್ಣನ್ನು ಯಂತ್ರಕ್ಕಿಟ್ಟು ನೋಡಿದಳು. ಅವಳ ಜೀವಿಗಳು ಅದರಲ್ಲಿ ಬದುಕಿದ್ದವು, ಹಕ್ಕಿಯ ಹಿಕ್ಕೆಯಿತ್ತು, ಇನ್ನೂ ಏನೇನೋ ಇದ್ದವು. ಮತ್ತೆ ಪರದೆಯ ಮೇಲೆ ಅದೇ ಅಧಿಕಾರಿ ಬಂದ. ನಾನು ಚಹಾದ ತಟ್ಟೆ ಹಿಡಿದು ಅಲ್ಲಿಯೇ ನಿಂತಿದ್ದೆ.

"ಪ್ರಯೋಗ ಕೆಟ್ಟಿದೆ. ಮಣ್ಣು ಹುಟ್ಟಿದೆ. ಎರಡೂ ನಿಜ" ಎಂದಳು ಪ್ರೆಸಿಲ್ಲಾ.

"ಯಾವುದರಿಂದ ಹುಟ್ಟಿತು?"

"ಹೇಳಲು ಆಗುವುದಿಲ್ಲ, ಸರ್. ಆದರೆ ಕರಾರಿನಲ್ಲಿ ಯಾವುದರಿಂದ ಎಂದು ಇಲ್ಲ. ಹಿಡಿ ಮಣ್ಣು ಎಂದಿದೆ. ಹಿಡಿ ಮಣ್ಣು ಇದೆ. ಅದನ್ನು ನೋಡಿಕೊಳ್ಳುವ ಜನವನ್ನು ಈಗ ತೆಗೆದರೆ ಈ ಮಳೆಗೇ ಅದು ಕಡಲಿಗೆ ಹೋಗುತ್ತದೆ."

ಅವನು ಕರಾರಿನ ಹಾಳೆ ತೆಗೆದು ಓದಿದ. ಆಮೇಲೆ ಅವನು, ಜನ ಇರಲಿ ಎಂದ. ಶುದ್ಧವಾದ ಪ್ರಯೋಗವೂ ಆಗಲೇಬೇಕು, ತೆಂಕಣಕ್ಕೆ ಹೊಸದಾಗಿ ಇನ್ನೊಂದು ಬಂಡೆ ಎದ್ದಿದೆ, ನೀವು ಅಲ್ಲಿ ಮೊದಲಿನಿಂದ ಶುರು ಮಾಡಬೇಕು, ಈ ಸಲ ಜನವಿಲ್ಲದೆ ಎಂದ. ಪ್ರೆಸಿಲ್ಲಾ ಆಯಿತು ಎಂದಳು. ಪರದೆ ಆರಿದ ಮೇಲೆ ಚಹಾ ಎತ್ತಿಕೊಂಡಳು, ಕುಡಿಯಲಿಲ್ಲ. ಮೊದಲ ಕೊಳವೆ ಇಳಿಸಿದ ದಿನದಿಂದ ಇಲ್ಲಿದ್ದವಳು ಅವಳು. ಇದು ಹಸಿರಾಗುವುದನ್ನು ನೋಡಬೇಕೆಂದಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆಗೆ ಮುದೆಪ್ಪ ಬಿರುಕುಗಳಿಂದ ಚಿಟಿಕೆ ಚಿಟಿಕೆ ಮಣ್ಣು ತೆಗೆದು ಪೂಜೆಗೆ ಜೋಡೆತ್ತು ಮಾಡಲು ಕೂತ. ಮಣ್ಣು ಹಿಡಿಯಲೊಲ್ಲದು, ಮರಳಿನಂತೆ ಉದುರುತ್ತದೆ. ಎರಿ ಮಣ್ಣಿನ ಜಿಗಿ ಬರಲು ಇನ್ನೂ ಎಷ್ಟು ಮಳೆ ಬೀಳಬೇಕೋ. ಕೊನೆಗೆ ಜೋಳದ ಅಂಬಲಿ ಕಲಸಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಎತ್ತು ಮಾಡಿದ. ಒಂದು ಕೋಡು ಕೈಯಲ್ಲೇ ಮುರಿಯಿತು. ಗಿಡಗಳ ಬುಡ ಬರಿದಾಗಬಾರದೆಂದು ಜೋಡಿಗೆ ಮಣ್ಣು ತೆಗೆಯಲಿಲ್ಲ.

"ಒಂಟಿ ಎತ್ತು ಆತಲ್ಲೋ" ಎಂದೆ.

"ಮುಂದಿನ ವರ್ಷ ಇದಕ್ಕ ಜೋಡಿ ಹುಡುಕೂಣು ಬಿಡು, ವೈನಿ."

ನಮ್ಮನ್ನು ಒಯ್ಯಲು ಬರಬೇಕಿದ್ದ ಹಡಗು ಮರುದಿನವೇ ಬಂತು. ನಾವೆಲ್ಲ ದಂಡೆಗೆ ಹೋದೆವು. ಹೊಸ ಬಂಡೆಗೆ ಏನೂ ಅಂಟಿಕೊಂಡು ಹೋಗಬಾರದೆಂದು ಪ್ರೆಸಿಲ್ಲಾ ಹೊಸ ಬಟ್ಟೆ ತೊಟ್ಟು ಔಷಧದ ನೀರಿನ ತೊಟ್ಟಿಯಲ್ಲಿ ಕಾಲಿಟ್ಟು ನಿಂತಿದ್ದಳು. ಮುದೆಪ್ಪ ಮಣ್ಣೆತ್ತನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. "ತಗೋರಿ ಮೇಡಮ್ಮೋರ. ಇದರ ಕಾಲೂ ತೊಳದೀನಿ."

ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. ಕೈ ಮಾತ್ರ ಮುಂದೆ ಮಾಡಲಿಲ್ಲ. "ಇದು ಅಲ್ಲಿಗೆ ಬರುವ ಹಾಗಿಲ್ಲ ಮುದೆಪ್ಪಣ್ಣ. ಇಲ್ಲಿಯೇ ಮೇಯಲಿ." ನಿಂಬೆವ್ವನ ತುಂಬಿದ ಹೊಟ್ಟೆಯ ಕಡೆ ತೋರಿಸಿದಳು. "ಅದರ ಯಜಮಾನ ಬರ್ತಾ ಇದ್ದಾನಲ್ಲ. ಇಲ್ಲ ಯಜಮಾನ್ತಿ."

ತೊಟ್ಟಿಯಿಂದ ನೇರವಾಗಿ ಹಡಗಿನ ಹಲಗೆಯ ಮೇಲೆ ಹೆಜ್ಜೆಯಿಟ್ಟಳು, ಈ ನೆಲವನ್ನು ಮತ್ತೆ ಮುಟ್ಟದೆ. ಹಡಗಿನ ಮೇಲೆ ನಾಲ್ಕಾರು ಬಿಳಿ ಹಕ್ಕಿಗಳು ಹಾರುತ್ತಿದ್ದವು. ಅವನ್ನು ಓಡಿಸಲು ಅವಳು ಕೈ ಬೀಸಿದಳು, ನಮಗೂ ಅದನ್ನೇ ಬೀಸಿದಳು.

ನಮ್ಮ ಪೈಕಿ ಯಾರೂ ಆ ಹಡಗು ಹತ್ತಲಿಲ್ಲ. ಹೋದವಳು ಪ್ರೆಸಿಲ್ಲಾ ಒಬ್ಬಳೇ, ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಗುರುವಾರ.